ಹೆಸರಿಲ್ಲದ ಗ್ರಂಥವೂ ಅದರ ಭಾಷಾಂತರಕಾರರೂ

ಅರ್ಥಶಾಸ್ತ್ರದ ಮೂಲಪುರುಷನು ಯಾರೆಂದು ಕೇಳಿದರೆ ಪಾಠಶಾಲೆಯ ಬಾಲಕನು ಕೂಡ ಆಡಂ ಸ್ಮಿತ್ ಪಂಡಿತನ ಹೆಸರನ್ನು ಹೇಳುವನು. ಸ್ಕಾಟ್ಲೆಂಡಿನ ಆ ಮಹನೀಯನು ೧೭೭೬ನೆಯ ಇಸವಿಯಲ್ಲಿ ಪ್ರಕಟಿಸಿದ, ರಾಷ್ಟ್ರಗಳ ಸಂಪತ್ತನ್ನು ಕುರಿತ ಮಹಾಗ್ರಂಥವೇ ಪಾಶ್ಚಾತ್ಯ ಅರ್ಥಶಾಸ್ತ್ರಕ್ಕೆ ಬುನಾದಿಯೆಂಬ ಭಾವನೆಯು ಲೋಕದಲ್ಲಿ ಬೇರೂರಿರುತ್ತದೆ. ಆದರೆ ಅದೇ ಗ್ರಂಥದ ಮೊದಲನೆಯ ಭಾಗದ ಎಂಟನೆಯ ಅಧ್ಯಾಯದಲ್ಲಿ, ಕೂಲಿಯ ವಿಚಾರವನ್ನು ಹೇಳುತ್ತಿರುವಾಗ, ಸ್ಮಿತ್ತನು ಕ್ಯಾಂಟಿಲನ್ ಎಂಬೊಬ್ಬನ ಅಭಿಪ್ರಾಯವನ್ನು ಎತ್ತಿಕೊಂಡು ತನ್ನ ವಾದವನ್ನು ಮುಂದುವರಿಸುತ್ತಾನೆ. ಈ ಕ್ಯಾಂಟಿಲನ್ ಯಾರು, ಏನು ಬರೆದನು, ಎಲ್ಲಿ ಬರೆದನು ಎಂಬುದನ್ನು ಸ್ಮಿತ್ತನ ವಾಚಕರಲ್ಲಿ ಬಹುಮಂದಿ ನೂರು ವರ್ಷಗಳ ಕಾಲ ಕೇಳಲೇ ಇಲ್ಲ.

ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಪರದೇಶದ ಹಣದ ವ್ಯಾಪಾರಿಯೊಬ್ಬನ ಪ್ರಸಂಗವೇಕೆಂದು ಸದ್ಭಕ್ತರು ಕೇಳಬಹುದು. ಓಲೆಗರಿಯ ಕಟ್ಟುಗಳ ಧೂಳನ್ನು ಕೊಡವಿ, ಪ್ರತಿಗೆ ಪ್ರತಿಯನ್ನು ಹಿಡಿದು ನೋಡಿ, ಇದು ಯಾರ ಮಾತು, ಇದರಲ್ಲಿ ಯಾರ ಕೈ ಸೇರಿದೆ ಎಂದು ಹಗಲಿರುಳು ಚಿಂತಿಸಿದ ಹಿರಿಯರನ್ನು ತಾವು ಕಂಡಿರುವಿರಿ. ಆದುದರಿಂದ ಈ ವೃತ್ತಾಂತವು ತಮಗೆ ತೀರ ಪರಕೀಯವೆನಿಸದೆಂದು ನಂಬಿ ಬರೆಯುತ್ತಿದ್ದೇನೆ.

ರಿಚರ್ಡ್ ಕ್ಯಾಂಟಿಲನ್ ಐರ್ಲೆಂಡ್ ದೇಶದ ಕೆರ್ರಿ ಪ್ರಾಂತದವನು; ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಜನಿಸಿದವನು. ೧೭೦೮ರಲ್ಲಿ ಫ್ರಾನ್ಸಿನ ಪ್ರಜೆಯಾದನು. ಸ್ಪೇನಿನ ಸಿಂಹಾಸನದ ನಿಮಿತ್ತವಾಗಿ ಯುರೋಪಿನಲ್ಲಿ ನಡೆದ ದೀರ್ಘ ಯುದ್ಧದ ಕಾಲದಲ್ಲಿ, ಹೊರನಾಡಿನಲ್ಲಿದ್ದ ಬ್ರಿಟಿಷ್ ದಂಡಿಗೆ ಸಂಬಳ ಬಟವಾಡೆ ಮಾಡುವ ಅಧಿಕಾರಿಯಾದ ಜೇಮ್ಸ್ ಬ್ರಿಡ್ಜಸ್ ಎಂಬಾತನ ಕೈಕೆಳಗೆ ಸ್ಪೇನಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿದನು. ದಂಡಿನ ಲೆಕ್ಕ ಬರೆದವನಿಗೆ ಹಣವು ಒಂದು ದೇಶದಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆ, ಸಾಗುವಾಗ ಯಾರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ವಿದ್ಯೆಯು ಪುಸ್ತಕವಿಲ್ಲದೆಯೇ ಬಂದುಬಿಡುತ್ತದೆ. ತರುವಾಯ ಅವನು ಪ್ಯಾರಿಸ್ ಪಟ್ಟಣದಲ್ಲಿ ಹುಂಡಿಯ ವ್ಯವಹಾರದ ಕೋಠಿಯನ್ನು ನಡೆಸಿದನು.

ಆ ಪಟ್ಟಣದಲ್ಲಿ ಆಗ ಜಾನ್ ಲಾ ಎಂಬ ಸ್ಕಾಟ್ಲೆಂಡಿನವನ ಕಾಲ. ಈ ಲಾ ಎಂಬುವನು ೧೭೧೬ರಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿ, ಮರುವರ್ಷ ಮಿಸಿಸಿಪ್ಪಿ ಪ್ರದೇಶದ ವ್ಯಾಪಾರಕ್ಕಾಗಿ ಒಂದು ಕಂಪನಿಯನ್ನು ಕಟ್ಟಿ, ಬ್ಯಾಂಕಿನ ಕಾಗದದ ಹಣವನ್ನೂ ಕಂಪನಿಯ ಷೇರುಗಳನ್ನೂ ಒಂದಕ್ಕೊಂದು ಆಸರೆಯಾಗಿ ನಿಲ್ಲಿಸಿದನು. ಐನೂರು ಲೀವ್ರ್ ಮುಖಬೆಲೆಯ ಷೇರು ೧೭೧೯ರ ಕೊನೆಯ ಹೊತ್ತಿಗೆ ಹತ್ತುಸಾವಿರದ ಸುಮಾರಿಗೆ ಏರಿತು. ೧೭೨೦ರಲ್ಲಿ ಸಮಸ್ತವೂ ಕುಸಿದುಬಿದ್ದಿತು. ಅದೇ ವರ್ಷದ ಆರಂಭದಲ್ಲಿ ಫ್ರಾನ್ಸಿನ ಹಣಕಾಸಿನ ಮುಖ್ಯಾಧಿಕಾರಿಯಾಗಿದ್ದ ಲಾ, ವರ್ಷಾಂತ್ಯಕ್ಕೆ ದೇಶವನ್ನು ಬಿಟ್ಟು ಓಡಿದನು. ಕ್ಯಾಂಟಿಲನ್ ಮಾತ್ರ ಬೆಲೆ ಏರಿರುವಾಗಲೇ ಮಾರಿ ಅಪಾರ ದ್ರವ್ಯವನ್ನು ಗಳಿಸಿದ್ದನು. ಇಷ್ಟೇ ಅಲ್ಲ, ಷೇರು ಕೊಳ್ಳುವವರಿಗೆ ಆ ಷೇರುಗಳನ್ನೇ ಒತ್ತೆಯಿರಿಸಿಕೊಂಡು ಸಾಲ ಕೊಟ್ಟು, ಒತ್ತೆಯ ಷೇರುಗಳನ್ನು ಒಳಗಿಂದೊಳಗೆ ಮಾರಿ, ಬೆಲೆ ಬಿದ್ದಮೇಲೆ ಸಾಲವನ್ನು ಬಡ್ಡಿಸಹಿತ ಕೇಳಿದನು. ಇದರಿಂದ ಹುಟ್ಟಿದ ವ್ಯಾಜ್ಯಗಳು ಅವನ ಜೀವಮಾನವಿಡೀ ನಡೆದವು. ಅವನನ್ನು ಸತ್ಪುರುಷನೆಂದು ನಾನು ಹೇಳಲಾರೆ. ಗ್ರಂಥದ ಯೋಗ್ಯತೆಯೇ ಬೇರೆ, ಗ್ರಂಥಕರ್ತನ ನಡತೆಯೇ ಬೇರೆ ಎಂಬ ಪರಿಸ್ಥಿತಿಯು ಅಪರೂಪವೇನಲ್ಲ. ಆದರೂ ಕ್ಯಾಂಟಿಲನ್ನನ ವಿಷಯದಲ್ಲಿ ಇವೆರಡನ್ನೂ ಸಂಪೂರ್ಣವಾಗಿ ಬೇರ್ಪಡಿಸುವುದು ಕಷ್ಟ. ಹಣದ ಮಾಯೆಯನ್ನು ಅವನು ಅಷ್ಟು ನಿಖರವಾಗಿ ಬಲ್ಲವನಾದುದು ಆ ಮಾಯೆಯೊಳಗೆ ಕೈಯಾಡಿಸಿದ್ದರಿಂದಲೇ.

೧೭೩೪ನೆಯ ಇಸವಿಯ ಮೇ ತಿಂಗಳ ಒಂದು ರಾತ್ರಿ ಲಂಡನ್ನಿನ ಆಲ್ಬೆಮಾರ್ಲ್ ಬೀದಿಯಲ್ಲಿದ್ದ ಅವನ ಮನೆಯು ಹೊತ್ತಿ ಉರಿಯಿತು. ಯಜಮಾನನನ್ನು ಕೊಂದು, ಕೊಲೆಯನ್ನು ಮುಚ್ಚಲು ಬೆಂಕಿಯಿಟ್ಟರೆಂದು ಎಲ್ಲರೂ ತಿಳಿದರು. ಮೂವರು ಸೇವಕರ ವಿಚಾರಣೆ ನಡೆದು ಅವರು ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಕೆಲಸದಿಂದ ತೆಗೆಯಲ್ಪಟ್ಟಿದ್ದ ಅಡಿಗೆಯವನೊಬ್ಬನ ಮೇಲೆ ಸಂಶಯವು ಉಳಿಯಿತು. ಅದೇ ವರ್ಷದ ಕೊನೆಯಲ್ಲಿ ದಕ್ಷಿಣ ಅಮೇರಿಕೆಯ ಸುರಿನಾಮಿಗೆ ಒಬ್ಬ ಅಪರಿಚಿತನು ಕ್ಯಾಂಟಿಲನ್ನನಿಗೆ ಸೇರಿದ ಕಾಗದಪತ್ರಗಳೊಡನೆ ಬಂದಿಳಿದನೆಂಬುದು ದಾಖಲೆಯಲ್ಲಿದೆ. ಸತ್ತವನು ಕ್ಯಾಂಟಿಲನ್ನನೇ ಅಲ್ಲ, ವ್ಯಾಜ್ಯಗಳಿಂದ ಪಾರಾಗಲು ಅವನೇ ಹೂಡಿದ ಆಟವಿದು ಎಂಬ ಊಹೆಯನ್ನು ಅವನ ಚರಿತ್ರಕಾರನಾದ ಆಂಟೊಯಿನ್ ಮರ್ಫಿ ೧೯೮೬ರ ತನ್ನ ಗ್ರಂಥದಲ್ಲಿ ಮುಂದಿಟ್ಟಿದ್ದಾನೆ. ಊಹೆಯೆಂದೇ ಇದನ್ನು ಓದತಕ್ಕದ್ದು.

ಈ ಮನುಷ್ಯನು ಸುಮಾರು ೧೭೩೦ರ ಹೊತ್ತಿಗೆ ಒಂದು ಪ್ರಬಂಧವನ್ನು ಬರೆದಿದ್ದನು. ಅದು ಅಚ್ಚಾದುದು ಅವನು ತೀರಿಹೋದ ಇಪ್ಪತ್ತೊಂದು ವರ್ಷಗಳ ಮೇಲೆ, ೧೭೫೫ರಲ್ಲಿ, ಫ್ರೆಂಚು ಭಾಷೆಯಲ್ಲಿ. ಸಾಮಾನ್ಯವಾಗಿ ವ್ಯವಹಾರದ ಸ್ವರೂಪವನ್ನು ಕುರಿತ ಪ್ರಬಂಧ ಎಂಬುದು ಅದರ ಹೆಸರಿನ ಅರ್ಥ. ಮುಖಪುಟದಲ್ಲಿ ಗ್ರಂಥಕರ್ತನ ನಾಮಧೇಯವಿಲ್ಲ. 'ಆಂಗ್ಲಭಾಷೆಯಿಂದ ಅನುವಾದಿಸಲ್ಪಟ್ಟುದು' ಎಂದು ಬರೆದಿದೆ. ಆದರೆ ಆ ಆಂಗ್ಲ ಮೂಲವನ್ನು ಇದುವರೆಗೆ ಯಾರೂ ಕಂಡಿಲ್ಲ. ಲಂಡನ್ನಿನ ಹೋಬರ್ನಿನಲ್ಲಿರುವ ಫ್ಲೆಚರ್ ಗೈಲ್ಸ್ ಎಂಬ ಪುಸ್ತಕವ್ಯಾಪಾರಿಯ ಬಳಿ ಪ್ರಕಟವಾಯಿತೆಂದಿದೆ. ಆ ಗೈಲ್ಸನಾದರೋ ಹಲವು ವರ್ಷಗಳ ಹಿಂದೆಯೇ ಕಾಲವಾಗಿದ್ದನು. ಪುಸ್ತಕವು ಅಚ್ಚಾದುದು ಪ್ಯಾರಿಸಿನಲ್ಲಿಯೇ ಎಂಬುದು ವಿದ್ವಾಂಸರ ಅಭಿಮತ. ಆಗಿನ ಫ್ರಾನ್ಸಿನಲ್ಲಿ ರಾಜಾಧಿಕಾರಿಗಳ ಪರಿಶೀಲನೆಯನ್ನು ತಪ್ಪಿಸಿಕೊಳ್ಳಲು ಹೀಗೆ ಪರದೇಶದ ವೇಷವನ್ನು ಹಾಕಿಸುವ ಪದ್ಧತಿಯಿತ್ತು.

ಅಚ್ಚಾಗುವುದಕ್ಕೆ ಮೊದಲು ಅದರ ಹಸ್ತಪ್ರತಿಯು ಹದಿನಾರು ವರ್ಷ ಮಾರ್ಕ್ವಿಸ್ ಮೀರಾಬೋ ಎಂಬ ಶ್ರೀಮಂತನ ಬಳಿಯಲ್ಲಿತ್ತು. (ಫ್ರಾನ್ಸಿನ ಮಹಾಕ್ರಾಂತಿಯ ವಾಗ್ಮಿಯಾದ ಮೀರಾಬೋವಿನ ತಂದೆಯೇ ಈತ.) ಅವನು ಅದಕ್ಕೆ ವ್ಯಾಖ್ಯಾನ ಬರೆಯತೊಡಗಿದನು, ಅಷ್ಟರಲ್ಲಿ ಹಸ್ತಪ್ರತಿಯು ಕೈತಪ್ಪಿ ಗ್ರಂಥವು ಪ್ರಕಟವಾಯಿತು, ಆ ವ್ಯಾಖ್ಯಾನವೇ ಬೆಳೆದು ಅವನಿಗೆ ಪ್ರಖ್ಯಾತಿಯನ್ನು ತಂದ 'ಮಾನವಮಿತ್ರ'ವೆಂಬ ಗ್ರಂಥವಾಯಿತು. ಮೀರಾಬೋ ಕ್ಯಾಂಟಿಲನ್ನನ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ. ಅದು ಅವನ ಹೆಗ್ಗಳಿಕೆ. ಲಂಡನ್ನಿನಲ್ಲಿ ಮಲಾಕಿ ಪೋಸಲ್‌ಥ್ವೇಟ್ ಎಂಬಾತನು ಹಾಗೆ ಮಾಡಲಿಲ್ಲ. ಇವನು ೧೭೫೧ರಿಂದ ೧೭೫೫ರವರೆಗೆ ಹೊರಡಿಸಿದ ವಾಣಿಜ್ಯನಿಘಂಟಿನಲ್ಲಿ ಪುಟಗಟ್ಟಲೆ ಕ್ಯಾಂಟಿಲನ್ನನ ಮಾತುಗಳಿವೆ. ಕ್ಯಾಂಟಿಲನ್ನನ ಹೆಸರು ಮಾತ್ರ ಇಲ್ಲ. ೧೭೫೯ರಲ್ಲಿ ಫಿಲಿಪ್ ಕ್ಯಾಂಟಿಲನ್ ಎಂಬವನ ಹೆಸರಿನಲ್ಲಿ ಆಂಗ್ಲಭಾಷೆಯಲ್ಲಿ ಹೊರಟ ಇನ್ನೊಂದು ಪುಸ್ತಕವು ಇದೇ ಗ್ರಂಥವನ್ನು ಅಂಗಭಂಗ ಮಾಡಿ, ಅನ್ಯವಿಷಯಗಳನ್ನು ತುರುಕಿ ಸಿದ್ಧಪಡಿಸಿದುದು. ಹೀಗೆ ಒಬ್ಬನ ಮಾತು ಹಲವರ ಬಾಯಲ್ಲಿ ಹರಿದಾಡಿ, ಆಡಿದವನೇ ಮರೆಯಾದನು.

ಆ ಗ್ರಂಥದಲ್ಲಿ ಅಂಥದೇನಿದೆ? ಮೂರು ಭಾಗಗಳು, ಮೂವತ್ತೈದು ಅಧ್ಯಾಯಗಳು. ಎಲ್ಲವನ್ನೂ ಇಲ್ಲಿ ವಿವರಿಸಲು ಎಡೆಯಿಲ್ಲ. ಭೂಮಿಯು ಸಂಪತ್ತಿನ ಮೂಲದ್ರವ್ಯ, ಮನುಷ್ಯನ ದುಡಿಮೆಯು ಅದಕ್ಕೆ ರೂಪ ಕೊಡುವ ಶಕ್ತಿ. ಯಾವ ವಸ್ತುವಿನ ನಿಜಮೌಲ್ಯವಾದರೂ ಅದರಲ್ಲಿ ಸೇರಿದ ಭೂಮಿ ಮತ್ತು ದುಡಿಮೆಗಳ ಪ್ರಮಾಣ. ಸಂತೆಯ ಬೆಲೆಯಾದರೋ ಕೊಳ್ಳುವವರ ಮತ್ತು ಮಾರುವವರ ನಿಲುವಿಗೆ ತಕ್ಕಂತೆ ಆ ನಿಜಮೌಲ್ಯದ ಮೇಲಕ್ಕೂ ಕೆಳಕ್ಕೂ ತೂಗಾಡುವುದು: ಮೊದಲನೆಯ ಭಾಗದ ಸಾರಾಂಶವು ಸ್ಥೂಲವಾಗಿ ಇದು. ಮೂರನೆಯ ಭಾಗದಲ್ಲಿ ಪರದೇಶದ ವ್ಯಾಪಾರ, ಹುಂಡಿ, ಬ್ಯಾಂಕುಗಳ ವಿಚಾರವು ಬರುತ್ತದೆ. ಆದರೆ ನಡುವಿನ ಭಾಗದ ಹಣದ ವಿಚಾರವೇ ಗ್ರಂಥದ ತಿರುಳೆಂದು ನನ್ನ ಮತ.

ದೇಶದಲ್ಲಿ ಹಣ ಹೆಚ್ಚಿದರೆ ಬೆಲೆಗಳು ಹೆಚ್ಚುವುವೆಂದು ಜಾನ್ ಲಾಕ್ ಮೊದಲಾದವರು ಕ್ಯಾಂಟಿಲನ್ನನಿಗೂ ಹಿಂದೆಯೇ ಹೇಳಿದ್ದರು. ಹೇಗೆ ಹೆಚ್ಚುವುವು, ಮೊದಲು ಯಾವುದರ ಬೆಲೆ, ಯಾರ ಕೈಯಿಂದ ಎಂಬುದನ್ನು ಅವರು ವಿಚಾರಿಸಲಿಲ್ಲವೆಂಬುದೇ ಇವನ ಆಕ್ಷೇಪಣೆ. ಒಂದು ದೇಶದಲ್ಲಿ ಹೊಸದಾಗಿ ಬೆಳ್ಳಿಯ ಗಣಿಯು ದೊರೆಯಿತೆಂದು ತಿಳಿಯೋಣ. ಆ ಹಣವು ಮೊದಲು ಗಣಿಯ ಒಡೆಯನಿಗೆ, ಅದಿರು ಕರಗಿಸುವವರಿಗೆ, ಅಲ್ಲಿಯ ಕೆಲಸಗಾರರಿಗೆ ಸಿಕ್ಕುವುದು. ಅವರು ಮೊದಲಿಗಿಂತ ಹೆಚ್ಚಾಗಿ ಉಣ್ಣುವರು, ಉಡುವರು. ಅವರು ಕೊಳ್ಳುವ ಪದಾರ್ಥಗಳ ಬೆಲೆ ಮೊದಲು ಏರುವುದು. ಅವುಗಳನ್ನು ಮಾರುವವರಿಗೆ ಲಾಭ. ಹೊಸ ಹಣವು ಇನ್ನೂ ಕೈಗೆ ಬಾರದವರು, ಮೊದಲೇ ನಿಶ್ಚಯವಾದ ಸಂಬಳವನ್ನೂ ಗೇಣಿಯನ್ನೂ ನೆಚ್ಚಿ ಬದುಕುವವರು, ಏರಿದ ಬೆಲೆಯನ್ನು ಹಳೆಯ ಆದಾಯದಿಂದಲೇ ತೆರಬೇಕಾಗುವುದು. ಕಟ್ಟಕಡೆಗೆ ಸ್ವದೇಶದ ಸರಕು ತುಟ್ಟಿಯಾದುದರಿಂದ ಪರದೇಶದ ಸರಕು ಬಂದು, ಬೆಳ್ಳಿಯು ಹೊರಕ್ಕೆ ಹರಿಯುವುದು. ಕೆರೆಯ ತೂಬನ್ನೆತ್ತಿದಾಗ ಮೇಲಿನ ಗದ್ದೆಗೆ ಮೊದಲು ನೀರು, ಕೊನೆಯ ಗದ್ದೆಯವನಿಗೆ ಕೆಸರು ಎಂಬುದನ್ನು ನಮ್ಮ ಒಕ್ಕಲಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಹಣವೂ ಹಾಗೆಯೇ ಹರಿಯುತ್ತದೆಂಬುದನ್ನು ಶಾಸ್ತ್ರೋಕ್ತವಾಗಿ ಬರೆದಿಟ್ಟವನು ಕ್ಯಾಂಟಿಲನ್. ಇಂದಿನ ಅರ್ಥಶಾಸ್ತ್ರಜ್ಞರು ಇದನ್ನು 'ಕ್ಯಾಂಟಿಲನ್ ಪರಿಣಾಮ'ವೆಂದೇ ಕರೆಯುತ್ತಾರೆ.

ಮರೆಯಾದ ಈ ಗ್ರಂಥಕರ್ತನನ್ನು ಬೆಳಕಿಗೆ ತಂದವನು ಸ್ಟ್ಯಾನ್ಲಿ ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು. ಜೆವನ್ಸನ ಕೀರ್ತಿಯು ನಿಂತಿರುವುದು ೧೮೭೧ರಲ್ಲಿ ಅವನು ಬರೆದ ಅರ್ಥಶಾಸ್ತ್ರಸಿದ್ಧಾಂತದ ಮೇಲೆ; ವಿದ್ಯಾರ್ಥಿಗಳು ಓದುವುದೂ ಅದನ್ನೇ. ಆದರೆ ಅವನು ಹಳೆಯ ಪುಸ್ತಕಗಳನ್ನು ಹುಡುಕಿ ಕೂಡಿಡುವ ಹವ್ಯಾಸವುಳ್ಳವನಾಗಿದ್ದನು. ೧೮೮೧ರ ಜನವರಿಯಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಕ್ಯಾಂಟಿಲನ್ನನನ್ನೂ ಅರ್ಥಶಾಸ್ತ್ರದ ರಾಷ್ಟ್ರೀಯತೆಯನ್ನೂ ಕುರಿತು ಒಂದು ಲೇಖನವನ್ನು ಪ್ರಕಟಿಸಿದನು. ಅರ್ಥಶಾಸ್ತ್ರವು ಆಂಗ್ಲರದೋ ಫ್ರೆಂಚರದೋ ಎಂಬ ಜಗಳಕ್ಕೆ ಈ ಪುಸ್ತಕವು ಒಳ್ಳೆಯ ಉತ್ತರವೆಂದು ಅವನು ಕಂಡನು: ಕರ್ತೃವು ಐರಿಷ್ ಕುಲದವನು, ವ್ಯವಹಾರ ನಡೆಸಿದುದು ಪ್ಯಾರಿಸಿನಲ್ಲಿ, ಸತ್ತುದು ಲಂಡನ್ನಿನಲ್ಲಿ, ಪುಸ್ತಕದ ಭಾಷೆ ಫ್ರೆಂಚು, ಅದು ಹೇಳಿಕೊಳ್ಳುವ ಮೂಲ ಆಂಗ್ಲ. ಈ ಶಾಸ್ತ್ರಕ್ಕೆ ತೊಟ್ಟಿಲೆನ್ನಬಹುದಾದ ಗ್ರಂಥವೊಂದಿದ್ದರೆ ಇದೇ ಎಂದು ಅವನು ಸಾರಿದನು. ಮರುವರ್ಷ ಆಗಸ್ಟಿನಲ್ಲಿ ಸಮುದ್ರದಲ್ಲಿ ಈಜಲು ಹೋದ ಜೆವನ್ಸನು ಮುಳುಗಿ ಅಸುನೀಗಿದನು. ಆಗ ಅವನಿಗೆ ನಾಲ್ವತ್ತಾರು ವಯಸ್ಸು. ಮಾಸಪತ್ರಿಕೆಯ ಆ ಕೆಲವೇ ಪುಟಗಳನ್ನು ಬರೆಯುವ ಬದಲು ಅವನು ತನ್ನ ಸಿದ್ಧಾಂತಕ್ಕೇ ಇನ್ನೊಂದು ಅಧ್ಯಾಯ ಸೇರಿಸಿದ್ದರೆ, ಕ್ಯಾಂಟಿಲನ್ನನು ಇನ್ನೆಷ್ಟು ಕಾಲ ಅಜ್ಞಾತವಾಸದಲ್ಲಿರುತ್ತಿದ್ದನೋ!

ಜೆವನ್ಸನು ಹಚ್ಚಿದ ದೀಪಕ್ಕೆ ಎಣ್ಣೆಯೆರೆದವನು ಹೆನ್ರಿ ಹಿಗ್ಸ್. ಈತನು ಬ್ರಿಟಿಷ್ ಖಜಾನೆಯ ಅಧಿಕಾರಿ. ೧೮೯೧ರಿಂದ ಕ್ಯಾಂಟಿಲನ್ನನ ಜೀವನವನ್ನು ಶೋಧಿಸುತ್ತ, ನಾಲ್ವತ್ತು ವರ್ಷಗಳ ಅನಂತರ, ೧೯೩೧ರಲ್ಲಿ, ರಾಯಲ್ ಎಕನಾಮಿಕ್ ಸೊಸೈಟಿಯ ಪರವಾಗಿ ಆ ಗ್ರಂಥವನ್ನು ಹೊರತಂದನು: ಒಂದು ಪುಟದಲ್ಲಿ ಫ್ರೆಂಚು, ಎದುರು ಪುಟದಲ್ಲಿ ಆಂಗ್ಲ, ಜೆವನ್ಸನ ಲೇಖನವೂ ಜೊತೆಗೆ. ಇಲ್ಲಿ ಒಂದು ಸ್ವಾರಸ್ಯವಿದೆ. ಆಂಗ್ಲ ಮೂಲವು ನಷ್ಟವಾಗಿದೆಯಷ್ಟೆ. ಆದರೆ ಪೋಸಲ್‌ಥ್ವೇಟನು ಕದ್ದ ಭಾಗಗಳು ಆಂಗ್ಲದಲ್ಲಿವೆ, ಅವು ಫ್ರೆಂಚು ಮುದ್ರಣಕ್ಕಿಂತ ಮೊದಲಿನವು. ಆದುದರಿಂದ ಕ್ಯಾಂಟಿಲನ್ನನ ಸ್ವಂತ ಆಂಗ್ಲ ವಾಕ್ಯಗಳು ಎಲ್ಲಿಯಾದರೂ ಉಳಿದಿದ್ದರೆ ಅಲ್ಲಿಯೇ ಉಳಿದಿರಬೇಕೆಂದು ಹಿಗ್ಸನು ತನ್ನ ಅನುವಾದದಲ್ಲಿ ಅವುಗಳನ್ನು ಬಳಸಿಕೊಂಡನು. ಮನೆಯೊಡೆಯನು ಕಳೆದುಕೊಂಡ ಒಡವೆಯು ಕಳ್ಳನ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದಂತಾಯಿತು.

ಅದೇ ೧೯೩೧ರಲ್ಲಿ ಜರ್ಮನಿಯ ಯೇನಾ ಪಟ್ಟಣದಿಂದ ಇನ್ನೊಂದು ಭಾಷಾಂತರವು ಹೊರಟಿತು. ಅನುವಾದಿಸಿದವಳು ಹೆಲ್ಲಾ ಹಾಯೆಕ್ ಎಂಬ ಮಹಿಳೆ. ಉಪೋದ್ಘಾತವನ್ನೂ ಟಿಪ್ಪಣಿಗಳನ್ನೂ ಬರೆದವನು ಅವಳ ಪತಿ ಫ್ರೀಡ್ರಿಕ್ ಹಾಯೆಕ್. ಈ ಹಾಯೆಕ್ ಪಂಡಿತನು ಆಗ ವಿಯೆನ್ನಾದ ತರುಣ ಅರ್ಥಶಾಸ್ತ್ರಜ್ಞ. ೧೯೪೪ರಲ್ಲಿ ದಾಸ್ಯದ ಹಾದಿಯನ್ನು ಕುರಿತ ಗ್ರಂಥದಿಂದ ಲೋಕಪ್ರಸಿದ್ಧನಾಗಿ, ೧೯೭೪ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವನು. ಅವನ ಪ್ರಖ್ಯಾತ ಗ್ರಂಥಗಳ ಪರವಾಗಿಯೂ ವಿರುದ್ಧವಾಗಿಯೂ ಬಿಸಿಬಿಸಿ ಚರ್ಚೆಗಳು ಬೇಕಾದಷ್ಟು ನಡೆದಿವೆ. ಈ ಉಪೋದ್ಘಾತವನ್ನು ಓದಿದವರು ಮಾತ್ರ ವಿರಳ. ಕ್ಯಾಂಟಿಲನ್ನನ ಜೀವನವೇನು, ಹಸ್ತಪ್ರತಿಯು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅನಂತರದ ಯಾವ ಯಾವ ಗ್ರಂಥಕಾರರು ಅವನನ್ನು ಓದಿದ್ದರು ಎಂಬುದನ್ನು ಅದರಲ್ಲಿ ತಾಳ್ಮೆಯಿಂದ ಜೋಡಿಸಿದ್ದಾನೆ. ಆ ವರ್ಷವೇ ಲಂಡನ್ನಿನಲ್ಲಿ ಹಣ ಮತ್ತು ಬೆಲೆಗಳನ್ನು ಕುರಿತು ಉಪನ್ಯಾಸ ಮಾಡಿದಾಗ, ತನ್ನ ವಾದಕ್ಕೆ ಪೂರ್ವಾಚಾರ್ಯರನ್ನು ಹೆಸರಿಸುವಾಗ ಕ್ಯಾಂಟಿಲನ್ನನನ್ನು ಮರೆಯಲಿಲ್ಲ. ಗಂಡನ ಕೀರ್ತಿಯ ನೆರಳಿನಲ್ಲಿ ಹೆಲ್ಲಾಳ ಶ್ರಮವು ಮಸುಕಾಯಿತೆಂದು ಇಲ್ಲಿಯೇ ಹೇಳಬೇಕು. ಗ್ರಂಥವನ್ನು ಜರ್ಮನ್ ಓದುಗರಿಗೆ ತಲುಪಿಸಿದ ಕೈ ಅವಳದು.

ಈ ಉಪೋದ್ಘಾತವು ಆಂಗ್ಲಕ್ಕೆ ಬಂದುದು ೧೯೮೫ರಲ್ಲಿ, ಅಮೇರಿಕೆಯ ಒಂದು ಶಾಸ್ತ್ರೀಯ ಪತ್ರಿಕೆಯಲ್ಲಿ. ಎಂದರೆ ಬರೆದ ಐವತ್ತನಾಲ್ಕು ವರ್ಷಗಳ ಮೇಲೆ. ನೊಬೆಲ್ ಪಾರಿತೋಷಕವು ಬಂದು ಹನ್ನೊಂದು ವರ್ಷಗಳಾಗಿದ್ದವು. ಜೀವಂತನೂ ಜಗದ್ವಿಖ್ಯಾತನೂ ಆದ ಪಂಡಿತನ ಬರೆವಣಿಗೆಗೇ ಈ ಗತಿಯಾದರೆ, ಹೆಸರಿಲ್ಲದೆ ಅಚ್ಚಾದ ಪುಸ್ತಕದ ಗತಿಯು ಏನಾದರೂ ಆಶ್ಚರ್ಯವಿಲ್ಲ.

ಭಾಷಾಂತರಕಾರರ ಕಷ್ಟವನ್ನು ಒಂದು ಶಬ್ದದ ಮೂಲಕ ಹೇಳುತ್ತೇನೆ. ಕ್ಯಾಂಟಿಲನ್ನನ ಗ್ರಂಥದಲ್ಲಿ 'ಆಂತ್ರಪ್ರನ್ಯೂರ್' ಎಂಬ ಪದವು ಮೇಲಿಂದಮೇಲೆ ಬರುತ್ತದೆ. ನಿಶ್ಚಿತ ಬೆಲೆಗೆ ಕೊಂಡು ಅನಿಶ್ಚಿತ ಬೆಲೆಗೆ ಮಾರುವವನು ಎಂಬುದು ಅದರ ಲಕ್ಷಣ. ಸಮಾಜದಲ್ಲಿ ಭೂಮಿಯೊಡೆಯರನ್ನು ಬಿಟ್ಟರೆ ಉಳಿದವರು ಎರಡೇ ವರ್ಗ: ಗೊತ್ತಾದ ಸಂಬಳದವರು ಒಂದು, ಗೊತ್ತಿಲ್ಲದ ಆದಾಯದವರು ಇನ್ನೊಂದು. ಈ ಎರಡನೆಯವರೆಲ್ಲರೂ ಅವನ ದೃಷ್ಟಿಯಲ್ಲಿ ಆಂತ್ರಪ್ರನ್ಯೂರರೇ. ಕಟ್ಟುಗುತ್ತಿಗೆಗೆ ಹೊಲ ಹಿಡಿದು, ಫಸಲೇನಾಗುವುದೋ ಧಾರಣೆಯೇನಾಗುವುದೋ ತಿಳಿಯದೆ ಉಳುವ ರೈತನೇ ಮೊದಲನೆಯವನು. ಆಮೇಲೆ ಸಗಟು ವರ್ತಕ, ರೊಟ್ಟಿ ಸುಡುವವನು, ಸಾಗಾಟದವನು. ಭಿಕ್ಷುಕನೂ ಕಳ್ಳನೂ ಕೂಡ ಇದೇ ಪಂಕ್ತಿಯಲ್ಲಿ!

ಹಿಗ್ಸನು ಇದಕ್ಕೆ 'ಅಂಡರ್‌ಟೇಕರ್' ಎಂಬ ಆಂಗ್ಲ ಶಬ್ದವನ್ನಿಟ್ಟನು. ಹದಿನೆಂಟನೆಯ ಶತಮಾನದಲ್ಲಿ ಅದು ಯೋಗ್ಯವಾದ ಶಬ್ದವೇ. ೧೯೩೧ರ ಆಂಗ್ಲ ಓದುಗನಿಗಾದರೋ ಅದು ಶವಸಂಸ್ಕಾರದ ಏರ್ಪಾಡು ಮಾಡುವವನನ್ನು ನೆನಪಿಗೆ ತರುತ್ತಿತ್ತು. ಮೂಲದ ಕಾಲಕ್ಕೆ ನಿಷ್ಠನಾಗಿರಬೇಕೋ, ಓದುಗನ ಕಾಲಕ್ಕೋ? ೨೦೧೦ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಶಾಂತಾಲ್ ಸೋಸಿಯೇ ಎಂಬವಳ ಹೊಸ ಅನುವಾದವು ಫ್ರೆಂಚು ಪದವನ್ನೇ ಉಳಿಸಿಕೊಂಡಿತು. ಈಗ ಅದು ಆಂಗ್ಲದಲ್ಲಿಯೂ ನೆಲೆಯಾಗಿದೆ. ಆದರೆ ಅದೇ ಅನುವಾದವು ಗ್ರಂಥದ ಹೆಸರನ್ನು 'ಅರ್ಥಸಿದ್ಧಾಂತದ ಪ್ರಬಂಧ'ವೆಂಬ ಅರ್ಥಕ್ಕೆ ತಿದ್ದಿತು. ಇದು ನನಗೆ ರುಚಿಸಲಿಲ್ಲ. ಲೆಕ್ಕದ ಮೇಜಿನ ಮುಂದೆ ಕುಳಿತು ಬರೆದವನಿಗೆ ಪೀಠದ ಮೇಲಿನ ಆಚಾರ್ಯನ ಉಡುಪನ್ನು ತೊಡಿಸಿದಂತಾಯಿತು.

ಕನ್ನಡಕ್ಕೆ ತರಹೊರಟವನು ಏನು ಮಾಡಬೇಕು? 'ಉದ್ಯಮಿ' ಎಂದರೆ ಕಾರಖಾನೆಯ ಒಡೆಯನು ಕಣ್ಣಿಗೆ ಬರುತ್ತಾನೆ, ಗುತ್ತಿಗೆಯ ರೈತನು ಬಿಟ್ಟುಹೋಗುತ್ತಾನೆ. 'ಸಾಹುಕಾರ'ನೆಂದರೆ ಹಣವುಳ್ಳವನು, ಕ್ಯಾಂಟಿಲನ್ನನ ಮನುಷ್ಯನಿಗೆ ಹಣವಿರಲೇಬೇಕೆಂದಿಲ್ಲ, ಲಾಭಲುಕ್ಸಾನಿನ ಹೊಣೆಯಿದ್ದರೆ ಸಾಕು. ಶರಣರ ನಾಡಿನವರಾದ ನಮಗೆ 'ಕಾಯಕ' ಎಂಬ ಮಾತು ತುಟಿಯ ತುದಿಗೆ ಬರುವುದು ಸಹಜ. ಅದು ಇಲ್ಲಿ ಸಲ್ಲದು. ಕಾಯಕವೆಂಬುದು ಸತ್ಯಶುದ್ಧವಾದ ದುಡಿಮೆ. ಬೇಡುವುದಕ್ಕೂ ಕದಿಯುವುದಕ್ಕೂ ಅದರಲ್ಲಿ ಎಡೆಯಿಲ್ಲ. ಕ್ಯಾಂಟಿಲನ್ನನಾದರೋ ಕೆಲಸದ ಧರ್ಮಾಧರ್ಮಗಳನ್ನು ಕೇಳುವುದೇ ಇಲ್ಲ. ನಾಳಿನ ಗಳಿಕೆಯು ಗೊತ್ತಿದೆಯೇ ಇಲ್ಲವೇ ಎಂಬುದೊಂದೇ ಅವನ ಪ್ರಶ್ನೆ. ಎರಡು ಶಬ್ದಗಳ ನಡುವಿನ ಈ ಅಂತರವೇ ಎರಡು ಲೋಕಗಳ ಅಂತರ. ಭಾಷಾಂತರಕಾರನು ಅದನ್ನು ಮುಚ್ಚಿದರೆ ಎರಡಕ್ಕೂ ದ್ರೋಹ ಬಗೆದಂತೆ. ನನ್ನನ್ನು ಕೇಳಿದರೆ, 'ಹೊಣೆಹೊತ್ತ ವ್ಯವಹಾರಿ' ಎಂದು ಬರೆದು, ಮೊದಲ ಸಲ ಅದರ ಲಕ್ಷಣವನ್ನು ವಿವರಿಸಿ ಮುಂದುವರಿಯುತ್ತೇನೆ. ಇದಕ್ಕಿಂತ ಮೇಲಾದುದು ದೊರೆತರೆ ಸಂತೋಷ.

ಗ್ರಂಥದ ಮೂಲಭಾಷೆ ಯಾವುದೆಂಬ ಪ್ರಶ್ನೆಯು ಇನ್ನೂ ಇತ್ಯರ್ಥವಾಗಿಲ್ಲ. ಕರ್ತೃವೇ ಸ್ನೇಹಿತನೊಬ್ಬನ ಉಪಯೋಗಕ್ಕಾಗಿ ಫ್ರೆಂಚಿಗೆ ತಿರುಗಿಸಿದನೆಂದು ಮೀರಾಬೋ ಬರೆದಿದ್ದಾನೆ. ಫ್ರಾನ್ಸಿನ ರೂವಾನ್ ಪಟ್ಟಣದ ಪುಸ್ತಕಭಂಡಾರದಲ್ಲಿ ದೊರೆತ ಹಸ್ತಪ್ರತಿಯನ್ನು ಜಪಾನಿನ ವಿದ್ವಾಂಸನಾದ ತಕುಮಿ ತ್ಸುದಾ ೧೯೭೯ರಲ್ಲಿ ಟೋಕಿಯೋದಿಂದ ಪ್ರಕಟಿಸಿದನು. ೨೦೧೫ರಲ್ಲಿ ರಿಚರ್ಡ್ ವಾನ್ ಡೆನ್ ಬರ್ಗ್ ಎಂಬ ವಿದ್ವಾಂಸನು ಫ್ರೆಂಚು ಪಾಠವನ್ನೂ ಪೋಸಲ್‌ಥ್ವೇಟ್ ಮೊದಲಾದವರ ಆಂಗ್ಲ ಪಾಠಗಳನ್ನೂ ಒತ್ತಟ್ಟಿಗೆ ಇರಿಸಿ, ಪಾಠಾಂತರಗಳ ಸಹಿತವಾದ ಸಂಪುಟವನ್ನು ಸಿದ್ಧಪಡಿಸಿದನು. ಪ್ರತಿಗಳನ್ನು ಎದುರೆದುರು ಹಿಡಿದು ನೋಡಿದವರಿಗೆ ಮಾತ್ರ ತಿಳಿಯುವ ಸಣ್ಣಸಣ್ಣ ವ್ಯತ್ಯಾಸಗಳು ಅದರಲ್ಲಿ ತೆರೆದು ಕಾಣುತ್ತವೆ.

ಗ್ರಂಥದಲ್ಲಿ ಕ್ಯಾಂಟಿಲನ್ನನು ಹಲವೆಡೆ, ಇದರ ಲೆಕ್ಕಗಳನ್ನು ಕೊನೆಯ ಅನುಬಂಧದಲ್ಲಿ ಕೊಟ್ಟಿದ್ದೇನೆ, ಅಲ್ಲಿ ನೋಡುವುದು ಎಂಬರ್ಥದ ಸೂಚನೆ ಕೊಡುತ್ತಾನೆ. ಒಬ್ಬ ದುಡಿಮೆಗಾರನ ಸಂಸಾರಕ್ಕೆ ಎಷ್ಟು ನೆಲದ ಫಲ ಬೇಕೆಂಬಂಥ ಗಣನೆಗಳು ಆ ಅನುಬಂಧದಲ್ಲಿದ್ದವು. ಅದು ಉಳಿದುಬಂದಿಲ್ಲ. ಹಿಗ್ಸನ ಆಂಗ್ಲದಲ್ಲಿಯೂ ಹೆಲ್ಲಾಳ ಜರ್ಮನ್ ಭಾಷೆಯಲ್ಲಿಯೂ ಅನುಬಂಧವನ್ನು ನೋಡೆಂಬ ಆ ಮಾತುಗಳು ಬಂದಲ್ಲೆಲ್ಲ ಬಂದಂತೆಯೇ ಉಳಿದಿವೆ.